ಎರಡು ಬಾಗಿಲಿನ ಮನೆ

ಮುಂಬಯಿ ಕಡೆಯ ಫ್ಲ್ಯಾಟುಗಳಲ್ಲಿ ಎದುರುಬಾಗಿಲೇ ಎರಡು. ಒಳಗಿನದು ಗಟ್ಟಿ ಹಲಗೆಯದು, ಒಳಕ್ಕೆ ತೆರೆಯುತ್ತದೆ. ಹೊರಗಿನದಕ್ಕೆ ಮೇಲರ್ಧ ಜಾಲರಿ, ಅದು ತೆರೆಯುವುದು ಹೊರಕ್ಕೆ. ಹೆಸರು ಸೇಫ್ಟಿ ಡೋರ್. ಮರಾಠಿಯವರು, ಗುಜರಾತಿಗಳು, ತುಳುವರು, ತಮಿಳರು, ಎಲ್ಲರ ಬಾಯಲ್ಲೂ ಅದೇ ಹೆಸರು. ಶಿರಸಿಯಿಂದ ಬಂದ ನೆಂಟರು ಡೊಂಬಿವಲಿಯ ನಮ್ಮ ಮನೆಯ ಮುಂದೆ ನಿಂತು ಮೊದಲು ಕೇಳುವುದೇ, "ಇದೆಂತಕ್ಕೆ ಮಾರಾಯಾ, ಬಾಗಿಲಿಗೊಂದು ಬಾಗಿಲು?" ಅಂತ.

ಗಾಳಿಗೆ ಎನ್ನುತ್ತೇನೆ. ಸುಳ್ಳೇನಲ್ಲ. ಮೇ ತಿಂಗಳ ಸೆಕೆಯಲ್ಲಿ ಒಳಬಾಗಿಲು ತೆರೆದಿಟ್ಟರೆ ಜಾಲರಿಯಿಂದ ಅಷ್ಟಿಷ್ಟು ಗಾಳಿಯಾಡುತ್ತದೆ. ಬೆಳಿಗ್ಗೆ ಹಾಲಿನ ಚೀಲ ತೂಗುಹಾಕುವುದಕ್ಕೆ, ಪೇಪರು ಸಿಕ್ಕಿಸುವುದಕ್ಕೆ ಅದೇ ಆಧಾರ. 2020ರ ಲಾಕ್‌ಡೌನಿನಲ್ಲಂತೂ ನಾವು ಜಗತ್ತನ್ನು ನೋಡಿದ್ದು ಅದರ ಕಿಂಡಿಗಳಿಂದಲೇ. ಆದರೆ ನಿಜವಾದ ಕಾರಣ ಬೇರೆ: ಚಿಲಕ ತೆಗೆಯದೆಯೇ ಬಂದವರ ಮುಖ ನೋಡಬಹುದು. ಎದುರುಮನೆಯ ಮರಾಠಿ ಅಜ್ಜಿ "ಕೋಣ್ ಆಹೇ?" ಎಂದು ಕೂಗಿದಾಗೆಲ್ಲ ನನ್ನ ಆಯಿಗೆ ಮೊದಮೊದಲು ನಗು. ಬಂದವರನ್ನೆಲ್ಲ ಕೋಣ ಅಂತಾಳಲ್ಲ ಈಕೆ!

ನಮ್ಮೂರಿನಲ್ಲಿ ಮಳೆಗಾಲಕ್ಕೆ ಮೊದಲು ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಅದು ಇರಚಲಿಗೆ. ಬೇಲಿಗೆ ದಣಪೆ ಇರುತ್ತಿತ್ತು, ಅದು ದನಕ್ಕೆ. ಮನುಷ್ಯರನ್ನು ತಡೆಯಲೆಂದೇ ಮಾಡಿದ್ದು ಏನೂ ಇರಲಿಲ್ಲ ಎಂದು ಬರೆದುಬಿಟ್ಟರೆ ಓದುವುದಕ್ಕೆ ಚೆನ್ನಾಗಿರುತ್ತದೆ. ಆದರೆ ಯಾರು ಅಂಗಳದಲ್ಲೇ ನಿಲ್ಲಬೇಕು, ಯಾರು ಜಗಲಿಯವರೆಗೆ, ಯಾರು ಒಳಗೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಬಂದವರಿಗೆ ನೀರು ಬೆಲ್ಲ ಕೊಡುತ್ತಿದ್ದೆವು, ನಿಜ. ಯಾವ ಪಾತ್ರೆಯಲ್ಲಿ ಎಂಬುದನ್ನೂ ನೋಡಿಯೇ ಕೊಡುತ್ತಿದ್ದೆವು. ಅಲ್ಲಿಯ ಬಾಗಿಲು ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೆ. ಇಲ್ಲಿ ಕಾಣುತ್ತದೆ, ಅದಕ್ಕೆ ಎಣ್ಣೆ ಬಿಡಬೇಕಾಗುತ್ತದೆ.

ಎಣ್ಣೆಯ ಮಾತು ಬಂತು. ಈ ಬಾಗಿಲಿನ ಆರೈಕೆ ಸಣ್ಣದಲ್ಲ. ಚೌಕಟ್ಟು ನೆಟ್ಟಗೆ ಕೂರದಿದ್ದರೆ ಬಾಗಿಲು ತಾನಾಗೇ ತೆರೆದುಕೊಳ್ಳುತ್ತದೆ, ಇಲ್ಲವೇ ತಾನಾಗೇ ಬಡಿದುಕೊಳ್ಳುತ್ತದೆ. ಎರಡೂ ಬಾಗಿಲ ನಡುವೆ ಒಳಗಿನದರ ಹಿಡಿಕೆ ತಾಗದಷ್ಟು ಜಾಗ ಬೇಕು. ಹೊರಕ್ಕೆ ತೆರೆಯುವುದರಿಂದ ಪಕ್ಕದವರ ದಾರಿಗೆ ಅಡ್ಡ ಬರಬಾರದು. ಬಿಜಾಗರಿಗೆ ತುಕ್ಕು, ಚೌಕಟ್ಟಿನ ಬುಡಕ್ಕೆ ಗೆದ್ದಲು. ಜುಲೈ ಬಂತೆಂದರೆ ಮರ ನೀರು ಕುಡಿದು ಉಬ್ಬುತ್ತದೆ, ಎಳೆದರೂ ಮುಚ್ಚುವುದಿಲ್ಲ. ಆಗ ಉಜ್ಜುಗೊರಡು ಹಿಡಿದು ಹೆರೆಯಲು ಹೋಗಬಾರದು. ಡಿಸೆಂಬರಿನಲ್ಲಿ ಮರ ಒಣಗಿ ಕುಗ್ಗಿ, ಹೆರೆದಷ್ಟೂ ಸಂದು ಬೀಳುತ್ತದೆ.

ಇನ್ನು ಒಳಬಾಗಿಲಿಗೊಂದು ಪುಟ್ಟ ಗಾಜಿನ ಕಣ್ಣು, ಮ್ಯಾಜಿಕ್ ಐ. ನನಗೆ ಅದರ ಮೇಲೆ ಅಷ್ಟು ಗೌರವವಿಲ್ಲ. ಹೊರಗಿನವನು ನನಗೆ ಕಾಣುತ್ತಾನೆ, ನಾನು ಅವನಿಗೆ ಕಾಣುವುದಿಲ್ಲ. ಉಸಿರು ಬಿಗಿಹಿಡಿದು, ಮನೆಯಲ್ಲಿ ಯಾರೂ ಇಲ್ಲವೆಂಬಂತೆ ನಿಂತು, ಅವನು ಹೋಗಲಿ ಎಂದು ಕಾಯುವುದು. ಜಾಲರಿಯ ಬಾಗಿಲಿನಲ್ಲಿ ಹಾಗಿಲ್ಲ. ಇಬ್ಬರಿಗೂ ಇಬ್ಬರ ಮುಖ ಕಾಣುತ್ತದೆ. ಬೇಡ ಎನ್ನುವುದಾದರೆ ಮುಖ ನೋಡಿಯೇ ಅನ್ನಬೇಕು. ಅಷ್ಟರ ಮಟ್ಟಿಗೆ ಇದು ಮರ್ಯಾದಸ್ಥ ಬಾಗಿಲು ಅನ್ನುವುದು ನನ್ನ ವಾದ.

ಈ ವಾದಕ್ಕೆ ಒಂದು ಲೋಟ ನೀರು ಸಾಕಾಯಿತು. ಏನೋ ಮಾರಲು ಬಂದ ಹುಡುಗಿ, ಮಧ್ಯಾಹ್ನದ ಬಿಸಿಲಲ್ಲಿ ನಾಲ್ಕು ಮಹಡಿ ಹತ್ತಿದವಳು, ಸಾಮಾನು ಬೇಡವೆಂದ ಮೇಲೆ ನೀರು ಕೇಳಿದಳು. ಜಾಲರಿಯಲ್ಲಿ ಮಾತು ದಾಟುತ್ತದೆ, ಲೋಟ ದಾಟುವುದಿಲ್ಲ. ಎಪ್ಪತ್ತೆಂಟರ ಆಯಿ ಚಿಲಕ ತೆಗೆದು ಕೊಟ್ಟಳು. ಸಂಜೆ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. "ಅತ್ತೆ, ನೀರು ಕೇಳಿಕೊಂಡೇ ಒಳಗೆ ನುಗ್ತಾರೆ, ಪೇಪರ್ ಓದೂದಿಲ್ವಾ ನೀವು?" ಎಂದು ಹೆಂಡತಿ. "ಬಾಯಾರಿಕೆ ಅಂದವರಿಗೆ ಇಲ್ಲ ಅನ್ನೂದು ಹ್ಯಾಂಗೆ?" ಎಂದು ಆಯಿ.

ನಾನು ಯಾರ ಪರ? ಔದಾರ್ಯದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹಗಲು ಹೊತ್ತು ಮನೆಯಲ್ಲಿರುವುದಿಲ್ಲ. ನಾನು 8.10ರ ಲೋಕಲ್ ಹಿಡಿದು ಹೊರಟವನು. ಹೆದರಿಕೆ ಇರುವುದು ಒಂಟಿಯಾಗಿ ಮನೆಯಲ್ಲಿ ಉಳಿಯುವವರಿಗೆ. ಅವರ ಚಿಲಕದ ಬಗ್ಗೆ ಉಪದೇಶ ಮಾಡುವ ಅಧಿಕಾರ ನನಗೆ ಕಡಿಮೆ. ಹಾಗೆಯೇ, ತನ್ನ ಜೀವದ ಅಪಾಯ ತಾನೇ ಹೊತ್ತು ನೀರು ಕೊಡುವವಳನ್ನು ತಡೆಯುವ ಅಧಿಕಾರವೂ. ಆದರೆ ಬಾಗಿಲು ಒಂದೇ, ಅಪಾಯ ಇಬ್ಬರದ್ದೂ. ತೊಡಕು ಇರುವುದು ಅಲ್ಲಿ.

ಇಂಥ ಮಾತು ಬಂದಾಗ ಯಾರಾದರೂ 2005ರ ಜುಲೈ 26 ನೆನಪಿಸುತ್ತಾರೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ರೈಲು ನಿಂತು, ಜನ ಎದೆಮಟ್ಟದ ನೀರಿನಲ್ಲಿ ನಡೆದರು. ಗುರುತಿಲ್ಲದವರ ಮನೆಗಳು ತೆರೆದುಕೊಂಡವು, ಚಹಾ ಬಿಸ್ಕತ್ತು ಸಿಕ್ಕಿತು, ಮಲಗಲು ಜಾಗವೂ ಸಿಕ್ಕಿತು. ಅದನ್ನು ನಗರದ ಹೃದಯ ಎಂದು ಹೊಗಳುತ್ತಾರೆ. ಇರಬಹುದು. ನನಗೆ ತೋರುವುದೆಂದರೆ, ಅವತ್ತು ಬಾಗಿಲಿಗೆ ಬಂದವನು ಯಾಕೆ ಬಂದ ಎಂಬುದು ಅವನ ಒದ್ದೆ ಬಟ್ಟೆಯೇ ಹೇಳುತ್ತಿತ್ತು. ಒಣ ಬಟ್ಟೆಯ ಹುಡುಗಿಯ ಬಾಯಾರಿಕೆಗೆ ಅಂಥ ಸಾಕ್ಷಿ ಇಲ್ಲ. ನಂಬಿಯೇ ಕೊಡಬೇಕು, ಇಲ್ಲವೇ ಕೊಡಬಾರದು.

ಜುಲೈನಲ್ಲಿ ಬಾಗಿಲು ಕಚ್ಚಿಕೊಂಡಿತೆಂದು ಬಡಗಿಯನ್ನು ಕರೆಸಿದೆವು. ಆಯಿ ಅವನನ್ನೇ ಕೇಳಿದಳು, ಲೋಟ ದಾಟುವಷ್ಟು ಒಂದು ಕಿಂಡಿ ಕೊರೆದು ಕೊಡ್ತೀಯೇನಪ್ಪಾ ಅಂತ. ಅವನು ಜಾಲರಿಯ ಮೇಲೆ ಕೈಯಾಡಿಸಿ, ಮರ ಹಸಿ ಇದೆ, ಈಗ ಗರಗಸ ಹಾಕುವುದು ಬೇಡ, ದೀಪಾವಳಿ ಕಳೆಯಲಿ ಎಂದ. ಸದ್ಯಕ್ಕೆ ಯಾರಾದರೂ ನೀರು ಕೇಳಿದರೆ ಆಯಿಯೇ ಚಿಲಕ ತೆಗೆಯುತ್ತಾಳೆ. ಹೆಂಡತಿ ಅಡುಗೆಮನೆಯಿಂದ ಬಂದು, ಏನೂ ಹೇಳದೆ, ಅವಳ ಬೆನ್ನಿಗೆ ನಿಂತಿರುತ್ತಾಳೆ.