ಮೂಕಪ್ರಾಣಿಗಳ ಸಾಕ್ಷಿ

ವಿದ್ಯೆಗಳಲ್ಲಿ ಹಲವು ತಮ್ಮ ತಪ್ಪನ್ನು ತಾವೇ ಬಯಲಿಗೆ ತರುತ್ತವೆ. ವೈದ್ಯನ ಔಷಧವು ತಪ್ಪಿದರೆ ರೋಗಿಯು ನರಳುತ್ತಾನೆ. ಮನೆ ಕಟ್ಟುವವನ ಲೆಕ್ಕವು ತಪ್ಪಿದರೆ ಗೋಡೆಯು ಬಿರಿಯುತ್ತದೆ. ವಕೀಲನ ವಾದವು ಸೋತರೆ ಕಕ್ಷಿದಾರನೇ ಬಂದು ಕಾರಣವನ್ನು ಕೇಳುತ್ತಾನೆ. ಆದರೆ ಕಾಡಿನ ಮೃಗಪಕ್ಷಿಗಳನ್ನು ಕುರಿತು ಕಲಿತವನು ತಪ್ಪು ನುಡಿದರೆ ಅವನನ್ನು ಕೇಳುವವರಾರು? ಹುಲಿಯು ಅರ್ಜಿಯನ್ನು ಬರೆಯಲಾರದು; ಕಪ್ಪೆಯು ನ್ಯಾಯಸ್ಥಾನದ ಮೆಟ್ಟಿಲನ್ನು ಏರಲಾರದು. ಯಾರ ವಿಷಯವಾಗಿ ಮಾತನಾಡಬೇಕೋ ಅವರೇ ಮೂಕರಾಗಿರುವ ಈ ವಿದ್ಯೆಯ ಧರ್ಮವೇನೆಂಬುದು ವಿಚಾರಮಾಡತಕ್ಕ ವಿಷಯವಾಗಿದೆ.

ಈ ವಿದ್ಯೆಗೆ ಈಗ ನಮ್ಮ ದೇಶದಲ್ಲಿ ಉನ್ನತ ಪದವಿಯೂ ಉಂಟು. 1982ರಲ್ಲಿ ಡೆಹರಾಡೂನಿನಲ್ಲಿ ಸ್ಥಾಪಿತವಾದ ಭಾರತೀಯ ವನ್ಯಜೀವಿ ಸಂಸ್ಥೆಯು 1988ರಲ್ಲಿ ಎಂ.ಎಸ್‌ಸಿ. ತರಗತಿಯನ್ನು ತೆರೆಯಿತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ 2004ರಲ್ಲಿ ಎರಡು ವರ್ಷಗಳ ಇಂತಹುದೇ ಶಿಕ್ಷಣವು ಆರಂಭವಾಯಿತು. ವಿದ್ಯಾರ್ಥಿಯು ಜೀವಿಗಳ ನೆಲೆ, ಆಹಾರ, ಸಂತತಿಗಳನ್ನು ತಿಳಿಯುವುದರ ಜತೆಗೆ ಸಂಖ್ಯಾಶಾಸ್ತ್ರವನ್ನೂ ಅಭ್ಯಸಿಸಬೇಕು. ಕಡೆಗೆ ಕಾಡುಮೇಡುಗಳಲ್ಲಿ ಅಲೆದು, ಒಂದು ಪ್ರಶ್ನೆಗೆ ಉತ್ತರವನ್ನು ಹುಡುಕಿ, ಪ್ರಬಂಧವನ್ನು ಒಪ್ಪಿಸಬೇಕು.

ಮಗನೋ ಮಗಳೋ ಈ ಪದವಿಗೆ ಹೊರಟರೆ ಮನೆಯ ಹಿರಿಯರು ಆಕ್ಷೇಪಿಸುವುದು ಸಹಜ. ಮನುಷ್ಯರ ಹೊಟ್ಟೆಬಟ್ಟೆಗೇ ಕೊರತೆಯಿರುವ ನಾಡಿನಲ್ಲಿ ಬುದ್ಧಿವಂತರು ಮೃಗಗಳನ್ನು ಎಣಿಸುತ್ತ ಕುಳಿತರೆ ಹೇಗೆಂದು ಅವರು ಕೇಳುತ್ತಾರೆ. ಕಾಡಿದ್ದರೆ ಹೊಳೆಯುಂಟು, ಹೊಳೆಯಿದ್ದರೆ ಬೆಳೆಯುಂಟು ಎಂದು ಇದಕ್ಕೆ ಉತ್ತರ ಹೇಳುವುದು ವಾಡಿಕೆ. ಈ ಉತ್ತರವು ಸುಳ್ಳಲ್ಲ, ಆದರೆ ಸಾಲದು. ಪ್ರಯೋಜನವೊಂದನ್ನೇ ಅಳತೆಗೋಲಾಗಿ ಹಿಡಿದರೆ, ಪ್ರಯೋಜನವು ಕಾಣದ ಜೀವಿಗೆ ಬದುಕುವ ಅಧಿಕಾರವೇ ಇಲ್ಲವೆಂದಾಗುತ್ತದೆ. ಮತ್ತೊಂದು ಜೀವಿಯ ಕುಲವನ್ನೇ ಅಳಿಸುವ ಶಕ್ತಿಯು ಇಂದು ಮನುಷ್ಯನ ಕೈಯಲ್ಲಿದೆ. ಅಂತಹ ಶಕ್ತಿಯುಳ್ಳವನು ತನ್ನ ಕೈಯಿಂದ ಏನಾಗುತ್ತಿದೆಯೆಂಬುದನ್ನಾದರೂ ತಿಳಿದಿರಬೇಕು. ಅದನ್ನು ಕಂಡು ಇದ್ದದ್ದನ್ನು ಇದ್ದಂತೆ ಹೇಳಲು ಒಬ್ಬ ಸಾಕ್ಷಿಯು ಬೇಕು. ಈ ಪದವಿಯು ಸಿದ್ಧಪಡಿಸುವುದು ಆ ಸಾಕ್ಷಿಯನ್ನು.

ಸಾಕ್ಷಿಯು ಸುಳ್ಳಾದರೆ ಏನಾಗುವುದೆಂಬುದಕ್ಕೆ ರಾಜಸ್ಥಾನದ ಸರಿಸ್ಕಾ ಅರಣ್ಯವೇ ನಿದರ್ಶನ. 2004ರ ಸರಕಾರಿ ಲೆಕ್ಕದಲ್ಲಿ ಅಲ್ಲಿ 16ರಿಂದ 18 ಹುಲಿಗಳಿದ್ದವು. 2005ರಲ್ಲಿ ಹುಡುಕಿದಾಗ ಒಂದೂ ಇರಲಿಲ್ಲ. ಕಳ್ಳಬೇಟೆಗಾರರು ಕೊಂದದ್ದು ನಿಜ. ಆದರೆ ಕಾಗದದ ಮೇಲೆ ಹುಲಿಗಳು ಸುಖವಾಗಿದ್ದುದರಿಂದ ಕಾಡಿನ ಹುಲಿಗಳಿಗಾಗಿ ಯಾರೂ ಎಚ್ಚರಗೊಳ್ಳಲಿಲ್ಲ. ಒಂದು ಸುಳ್ಳು ಸಂಖ್ಯೆಯು ಬೇಟೆಗಾರನಿಗೆ ಮರೆಯಾಗಿ ನಿಂತಿತು. 2008ರಲ್ಲಿ ರಣಥಂಬೋರಿನಿಂದ ಹುಲಿಗಳನ್ನು ತಂದು ಅಲ್ಲಿ ಬಿಡಬೇಕಾಯಿತು.

ಆ ಎಣಿಕೆಯು ನಡೆದದ್ದು ನೆಲದ ಮೇಲಿನ ಹೆಜ್ಜೆಗುರುತುಗಳಿಂದ. ಗುರುತನ್ನು ನೋಡಿ ಇದು ಇಂತಹ ಹುಲಿಯದೆಂದು ನಿರ್ಧರಿಸುವಲ್ಲಿ ನೋಡುವವನ ಇಷ್ಟಕ್ಕೆ ಬಹಳ ಎಡೆಯಿತ್ತು. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಇದಕ್ಕೆ ಮೊದಲೇ ಬೇರೆ ಮಾರ್ಗವನ್ನು ಹಿಡಿದಿದ್ದರು. ಒಂದು ಹುಲಿಯ ಪಟ್ಟೆಯಂತೆ ಇನ್ನೊಂದರದು ಇರುವುದಿಲ್ಲ. ಹಾದಿಯ ಬದಿಯಲ್ಲಿ ಕ್ಯಾಮೆರಾಗಳನ್ನಿರಿಸಿ, ಒಮ್ಮೆ ಚಿತ್ರಕ್ಕೆ ಸಿಕ್ಕ ಹುಲಿಗಳು ಮತ್ತೆ ಎಷ್ಟು ಸಲ ಸಿಕ್ಕುತ್ತವೆಂಬುದರಿಂದ, ಸಿಕ್ಕದೆ ಉಳಿದವು ಎಷ್ಟಿರಬಹುದೆಂದು ಗಣಿಸುವುದು ಆ ಕ್ರಮ. ಅದರ ಉತ್ತರವು ಇಷ್ಟರಿಂದ ಇಷ್ಟರೊಳಗೆ ಎಂದಿರುತ್ತದೆ. ತಾನು ಕಾಣದಿರುವುದೂ ಉಂಟೆಂಬುದನ್ನು ಲೆಕ್ಕದೊಳಗೇ ಸೇರಿಸುವ ಈ ವಿನಯವು ಗಣಿತವೂ ಹೌದು, ನೀತಿಯೂ ಹೌದು.

ಆದರೆ ಯಂತ್ರ ಗಣಿತಗಳಿಂದಲೇ ವಿನಯವು ಪೂರ್ಣವಾಗುವುದಿಲ್ಲ. ಕಾಡಿಗೆ ವಿದ್ಯಾರ್ಥಿಗಿಂತ ಮೊದಲೇ ಬಂದ ಸಾಕ್ಷಿಗಳಿದ್ದಾರೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆಯ ಮೊದಲಲ್ಲಿ ಒಣಗಿದ ಎಲೆಗಳಿಗೆ ಸಣ್ಣ ಬೆಂಕಿಯನ್ನಿಡುತ್ತಿದ್ದರು, ಅದನ್ನು ತರಗುಬೆಂಕಿಯೆನ್ನುತ್ತಾರೆ. 1974ರಲ್ಲಿ ಬೆಟ್ಟವು ಅಭಯಾರಣ್ಯವಾಯಿತು. ಆಮೇಲೆ ಆ ಬೆಂಕಿಯು ನಿಷಿದ್ಧವಾಯಿತು. ಲಂಟಾನದ ಪೊದೆಯು ಕಾಡನ್ನು ಮುಚ್ಚಿದುದಕ್ಕೂ, ನೆಲ್ಲಿಯ ಮರಗಳಿಗೆ ಬದನಿಕೆಯು ಹತ್ತಿದುದಕ್ಕೂ ಬೆಂಕಿಯು ನಿಂತದ್ದೇ ಕಾರಣವೆಂದು ಸೋಲಿಗರು ಹೇಳಿದರು. ಅನಂತರ ಬಂದ ಸಂಶೋಧಕರು ಈ ಮಾತನ್ನು ಬರೆದಿಟ್ಟು, ವಿಜ್ಞಾನದ ಒರೆಗಲ್ಲಿಗೆ ಹಚ್ಚತಕ್ಕ ವಿಚಾರವೆಂದು ಗ್ರಹಿಸಿದರು. 2011ರಲ್ಲಿ ಆ ಬೆಟ್ಟದ ಸೋಲಿಗರಿಗೆ ಸಾಮುದಾಯಿಕ ಅರಣ್ಯಹಕ್ಕುಗಳು ದೊರೆತವು. ಓದುಬಲ್ಲವನ ವರದಿಯಿಂದ ಓದು ಬಾರದವನ ಒಲೆಯೇ ಆರಬಹುದಾದ್ದರಿಂದ, ಅಂತಹವರ ಮಾತನ್ನು ಕೇಳದೆ ಸಾಕ್ಷಿ ನುಡಿಯುವುದು ಅರ್ಧಸತ್ಯವಾಗುತ್ತದೆ.

ಹಾಗೆಂದು ಹಳೆಯದೆಲ್ಲವನ್ನೂ ತಲೆಯ ಮೇಲೆ ಹೊರಬೇಕೆಂದಲ್ಲ. ಸೋಲಿಗನ ಮಾತನ್ನೂ ಪರೀಕ್ಷಿಸಬೇಕು. ಇಲಾಖೆಯ ಅಂಕಿಯನ್ನೂ ಪರೀಕ್ಷಿಸಬೇಕು. ಎಲ್ಲಕ್ಕೂ ಮಿಗಿಲಾಗಿ ತನ್ನ ಆಸೆಯನ್ನು ಪರೀಕ್ಷಿಸಬೇಕು. ಹುಲಿಯನ್ನು ಪ್ರೀತಿಸುವವನಿಗೆ ಹುಲಿಗಳು ಹೆಚ್ಚಿವೆಯೆನ್ನಲು ಆಸೆ. ಕಾಡು ಅಳಿಯುತ್ತಿದೆಯೆಂದು ಮರುಗುವವನಿಗೆ ಅವು ಕಡಮೆಯಾಗಿವೆಯೆನ್ನಲು ಆತುರ. ಪ್ರೀತಿಯಿಂದ ಹುಟ್ಟಿದ ಸುಳ್ಳೂ ಸುಳ್ಳೇ.

ಪರೀಕ್ಷಕರು ಪ್ರಬಂಧವನ್ನು ಓದಿ ಪದವಿಯನ್ನು ಕೊಡುತ್ತಾರೆ. ಆದರೆ ಆ ಪ್ರಬಂಧವು ಯಾರನ್ನು ಕುರಿತದ್ದೋ ಅವರು ಅದನ್ನು ಎಂದಿಗೂ ಓದುವುದಿಲ್ಲ. ಓದಲಾರದವರ ಮುಂದೆಯೂ ನಾಚಬೇಕಾಗದಂತೆ ಒಂದೊಂದು ಅಂಕಿಯನ್ನೂ ಬರೆಯುವುದು ಸುಲಭವಾದ ವ್ರತವಲ್ಲ. ಅದನ್ನು ಕೈಕೊಳ್ಳಲು ಹೊರಟ ಮಗನನ್ನು, ಮಗಳನ್ನು ಹಿರಿಯರು ತಡೆಯದೆ ಹರಸುವುದೇ ಉಚಿತ.