ಧುರೀಣರ ದಿನಚರಿ



ಶ್ರಾವಕನಿಗೆ ಪೂರ್ವಾಚಾರ್ಯರು ವಿಧಿಸಿದ ನಿತ್ಯಕರ್ಮಗಳು ಆರು: ದೇವಪೂಜೆ, ಗುರೂಪಾಸನೆ, ಸ್ವಾಧ್ಯಾಯ, ಸಂಯಮ, ತಪಸ್ಸು, ದಾನ. ಇವುಗಳಲ್ಲಿ ಮೊದಲನೆಯದೂ ಕೊನೆಯದೂ ಉತ್ಸವದ ದಿನಗಳಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತವೆ. ಪೂಜೆಗೆ ಮಂಟಪವಿದೆ, ದಾನಿಗಳ ಹೆಸರಿಗೆ ಫಲಕವಿದೆ. ಸಂಯಮಕ್ಕೆ ಫಲಕವಿಲ್ಲ. ಆದರೆ ಸಮಾಜದ ಭಾರ ಹೊತ್ತ ಧುರೀಣರ ಶಕ್ತಿ ಉಳಿಯುವುದೂ ಸೋರುವುದೂ ಅಲ್ಲಿಯೇ.

1998ರಲ್ಲಿ ಸಾಂಗ್ಲಿ-ಮಿರಜ-ಕುಪವಾಡ ಮಹಾನಗರಪಾಲಿಕೆಯಾದ ಮೇಲೆ ಕುಪವಾಡದವರ ದಿನಗಳೂ ನಗರದ ದಿನಗಳಾಗಿವೆ. ಟ್ರಸ್ಟಿನ ಹಿರಿಯರೊಬ್ಬರ ಉತ್ಸವದ ದಿನವನ್ನೇ ನೋಡಬಹುದು. ನಸುಕಿನಲ್ಲಿ ಅಭಿಷೇಕದ ವ್ಯವಸ್ಥೆ, ಬಳಿಕ ಕಾರ್ಖಾನೆಗೊಂದು ಸುತ್ತು, ಊಟದ ಹೊತ್ತಿಗೆ ಬರಿಯ ಚಹಾ, ಸಂಜೆ ಪೆಂಡಾಲಿನವರೊಡನೆ ಲೆಕ್ಕಾಚಾರ, ರಾತ್ರಿ ಹನ್ನೊಂದಕ್ಕೆ ಸಭೆ. ಆ ಸಭೆಯಲ್ಲಿ, ದಿನವಿಡೀ ಪಂಕ್ತಿಯಲ್ಲಿ ಬಡಿಸಿದ ತರುಣನೊಬ್ಬನ ಸಣ್ಣ ತಪ್ಪಿಗೆ ಕಠೋರವಾದ ಮಾತೊಂದು ಬಾಯಿಂದ ಜಾರುತ್ತದೆ. ಹಿರಿಯರು ಮರುದಿನವೇ ಮರೆಯುತ್ತಾರೆ. ತರುಣ ಮರೆಯುವುದಿಲ್ಲ, ಮುಂದಿನ ವರ್ಷ ಅವನೂ ಬರುವುದಿಲ್ಲ, ಅವನ ಗೆಳೆಯರೂ ಬರುವುದಿಲ್ಲ. ಇದನ್ನು ಹಿರಿಯರ ಸ್ವಭಾವದೋಷವೆನ್ನುವುದಕ್ಕಿಂತ ದಿನಚರಿಯ ದೋಷವೆನ್ನುವುದು ಹೆಚ್ಚು ನಿಜ. ಹಸಿದ, ನಿದ್ದೆಗೆಟ್ಟ ದೇಹದಲ್ಲಿ ಕ್ರೋಧಕಷಾಯವು ಬಾಗಿಲು ತಟ್ಟದೆ ಒಳಬರುತ್ತದೆ.

ಈ ಸೀಮೆಗೆ ಇದಕ್ಕೆ ದೂರದ ದೃಷ್ಟಾಂತ ಬೇಕಿಲ್ಲ. ದೂಧಗಂಗಾ-ವೇದಗಂಗಾ ಸಂಗಮದ ಭೋಜ ಗ್ರಾಮದ ಕೃಷಿಕ ಮನೆತನದಲ್ಲಿ 1872ರಲ್ಲಿ ಜನಿಸಿದ ಸಾತಗೌಡರು 1920ರಲ್ಲಿ ಮುನಿದೀಕ್ಷೆ ಪಡೆದು ಶಾಂತಿಸಾಗರರಾದರು. 1924ರಲ್ಲಿ ಸಾಂಗ್ಲಿಗೆ ಸಮೀಪದ ಸಮಡೋಳಿಯಲ್ಲಿ ಅವರಿಗೆ ಆಚಾರ್ಯಪದವಿ ಪ್ರಾಪ್ತವಾಯಿತು. 1927ರಲ್ಲಿ ದಕ್ಷಿಣದಿಂದ ಹೊರಟ ಅವರ ಸಂಘವು 1928ರಲ್ಲಿ ಸಮ್ಮೇದ ಶಿಖರಜಿಯನ್ನು ತಲುಪಿತು. ಆಗ ಆಚಾರ್ಯರಿಗೆ ಐವತ್ತೈದು ದಾಟಿತ್ತು. ಬರಿಗಾಲು, ದಿನಕ್ಕೊಂದೇ ಆಹಾರ, ನೆಲದ ಮೇಲೆ ಶಯನ. ಇಷ್ಟರ ಮೇಲೆ ಇಡೀ ಸಂಘದ ಹೊಣೆ, ಊರೂರಿನ ಶ್ರಾವಕರ ಪ್ರಶ್ನೆಗಳು. ಈ ಬಲವು ಅವರ ದೃಢವಾದ ಮೈಕಟ್ಟಿನಿಂದ ಮಾತ್ರ ಬಂದುದಲ್ಲ. ಆಹಾರ, ವಿಹಾರ, ಸಾಮಾಯಿಕ, ಪ್ರತಿಕ್ರಮಣ, ಪ್ರತಿಯೊಂದಕ್ಕೂ ಮುನಿಚರ್ಯೆಯಲ್ಲಿ ನಿಯತಕಾಲವಿದೆ. ಈಗ ಏನು ಮಾಡಲೆಂಬ ಗೊಂದಲದಲ್ಲಿ ವ್ಯಯವಾಗುವ ಶಕ್ತಿ ಅಲ್ಲಿ ಉಳಿಯುತ್ತದೆ.

ಗೃಹಸ್ಥನು ಮುನಿಯನ್ನು ಅನುಕರಿಸಬೇಕೆಂದು ಇದರ ಅರ್ಥವಲ್ಲ. ಮಹಾವ್ರತ ಬೇರೆ, ಅಣುವ್ರತ ಬೇರೆ. ಸಕ್ಕರೆ ಕಾಯಿಲೆಗೆ ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ದಶಲಕ್ಷಣ ಪರ್ವದಲ್ಲಿ ನಿರಾಹಾರ ಕೈಗೊಂಡು ಮೂರ್ಛೆ ಹೋಗುವುದನ್ನು ಯಾವ ಶಾಸ್ತ್ರವೂ ಪ್ರಶಂಸಿಸುವುದಿಲ್ಲ. ತಪಸ್ಸಿನ ಬಾಹ್ಯಭೇದಗಳಲ್ಲಿ ಉಪವಾಸದ ಬೆನ್ನಿಗೇ ಅವಮೌದರ್ಯವಿದೆ, ಅಂದರೆ ಹಸಿವಿಗಿಂತ ಕಡಿಮೆ ಉಣ್ಣುವುದು. ಪುರುಷನ ಪೂರ್ಣಾಹಾರವನ್ನು ಮೂವತ್ತೆರಡು ತುತ್ತುಗಳೆಂದು ಎಣಿಸಿದ ಆಚಾರ್ಯರು, ಅದರಲ್ಲಿ ಒಂದು ತುತ್ತು ಕಡಿಮೆ ಮಾಡಿದರೂ ಅದನ್ನು ತಪಸ್ಸೆಂದೇ ಕರೆದರು. ಉತ್ಸವದ ಪಂಕ್ತಿಯಲ್ಲಿ ಹೋಳಿಗೆಯ ಎದುರು ಕುಳಿತವನಿಗೆ ಇದು ಉಪವಾಸಕ್ಕಿಂತ ಕಠಿಣವೆಂಬುದು ಅನುಭವಿಗಳಿಗೆ ಗೊತ್ತು!

ರಾತ್ರಿಭೋಜನ ತ್ಯಾಗದ ಕಾರಣ ಅಹಿಂಸೆ. ಅದನ್ನು ಬರಿಯ ಆರೋಗ್ಯಸೂತ್ರವಾಗಿ ಸಾರುವುದು ರತ್ನವನ್ನು ಗಾಜಿನ ಬೆಲೆಗೆ ಮಾರಿದಂತೆ. ಆದರೂ ತಡರಾತ್ರಿಯ ಊಟ ನಿದ್ರೆಯನ್ನು ಕೆಡಿಸುತ್ತದೆ, ರಕ್ತದ ಸಕ್ಕರೆಯನ್ನು ಏರಿಸುತ್ತದೆ ಎಂದು ಇಂದಿನ ವೈದ್ಯರೂ ಹೇಳುತ್ತಾರೆ. ಸೂರ್ಯಾಸ್ತಕ್ಕೆ ಎರಡು ಗಳಿಗೆ, ಎಂದರೆ ನಲವತ್ತೆಂಟು ನಿಮಿಷ ಮೊದಲೇ ಊಟ ಮುಗಿಯಬೇಕೆಂಬುದು ನಿಯಮ. ಡಿಸೆಂಬರಿನಲ್ಲಿ ಇಲ್ಲಿ ಆರರ ಸುಮಾರಿಗೆ ಸೂರ್ಯ ಮುಳುಗುವುದರಿಂದ ಐದೂಕಾಲಿಗೇ ಊಟವಾಗಬೇಕು. ಎರಡನೆಯ ಪಾಳಿಯಲ್ಲಿ ದುಡಿಯುವ ಶ್ರಾವಕನಿಗೆ ಇದು ಸುಲಭವಲ್ಲ. ಮನೆಯಿಂದ ಡಬ್ಬಿ ಒಯ್ದು ಹೊತ್ತಿರುವಾಗಲೇ ಉಣ್ಣುವವರು ಇದ್ದಾರೆ. ಕೂಲಿಕಾರನು ಪಾಲಿಸುವ ನಿಯಮವನ್ನು ಸ್ವಂತ ವಾಹನವುಳ್ಳ ಧುರೀಣರು ಅಸಾಧ್ಯವೆನ್ನಲಾಗದು. ಸಭೆಗಳನ್ನು ಸಂಜೆಯ ಊಟದ ಬಳಿಕ, ಒಂಬತ್ತಕ್ಕೆ ಮುಗಿಯುವಂತೆ ಕರೆದರೆ ಅರ್ಧ ಕಲಹಗಳು ಹುಟ್ಟುವುದೇ ಇಲ್ಲ.

ಸಭೆಯ ನಡುವೆ ಮಾತು ಬಿಸಿಯಾದಾಗ ಕಾಯೋತ್ಸರ್ಗವಿದೆ. ಒಂದು ಣಮೋಕಾರಕ್ಕೆ ಮೂರು ಉಸಿರು. ಒಂಬತ್ತು ಬಾರಿಗೆ ಇಪ್ಪತ್ತೇಳು. ಮಂತ್ರವು ಪ್ರಾಕೃತದ್ದಾದುದರಿಂದ ಮನೆಯಲ್ಲಿ ಕನ್ನಡವಾಡುವ ಅಜ್ಜಿಗೂ ಮರಾಠಿ ಶಾಲೆಯ ಮೊಮ್ಮಗನಿಗೂ ಅದು ಒಂದೇ. ಇಪ್ಪತ್ತೇಳು ಉಸಿರುಗಳು ಕಳೆಯುವಷ್ಟರಲ್ಲಿ ನಾಲಗೆಯ ತುದಿಯ ಮಾತು ಒಳಕ್ಕೆ ಸರಿದಿರುತ್ತದೆ. ಅಷ್ಟಾಗಿಯೂ ತಪ್ಪಿದರೆ ಆ ರಾತ್ರಿಯೇ ಪ್ರತಿಕ್ರಮಣ. ಬೆಳಗಾದೊಡನೆ ಆ ತರುಣನ ಮನೆಗೆ ಹೋಗಿ ಕ್ಷಮೆ ಕೇಳುವುದು. ಸಂವತ್ಸರಕ್ಕೊಮ್ಮೆ ಎಲ್ಲರಿಗೂ ಮುದ್ರಿತ ಕ್ಷಮಾಪತ್ರ ಕಳುಹಿಸುವುದಕ್ಕಿಂತ ಇದು ಕಷ್ಟ.

ಆಚಾರ್ಯ ಶಾಂತಿಸಾಗರರು 1955ರ ಆಗಸ್ಟ್ 14ರಂದು ಕುಂಥಲಗಿರಿಯಲ್ಲಿ ಸಲ್ಲೇಖನವನ್ನು ಆರಂಭಿಸಿ ಸೆಪ್ಟೆಂಬರ್ 18ರಂದು ಸಮಾಧಿಸ್ಥರಾದರು. ಇಪ್ಪತ್ತಾರನೆಯ ದಿನ, ಸೆಪ್ಟೆಂಬರ್ 8ರಂದು, ಅವರು ಮರಾಠಿಯಲ್ಲಿ ಅಂತಿಮ ಉಪದೇಶವನ್ನಿತ್ತರು. ಗೃಹಸ್ಥರಿಂದ ಅವರು ಬಯಸಿದ್ದು ಪ್ರತಿದಿನದ ಆತ್ಮಚಿಂತನೆಯನ್ನು. ಉತ್ತಮವಾದರೆ ಆರು ಗಳಿಗೆ, ಮಧ್ಯಮ ನಾಲ್ಕು, ಕನಿಷ್ಠ ಎರಡು. ಅದೂ ಆಗದವರಿಗೆ ಹತ್ತು-ಹದಿನೈದು ನಿಮಿಷ. ಕಡೆಗೆ ಐದು ನಿಮಿಷವಾದರೂ ಎಂದರು. ಎಂಬತ್ಮೂರರ ವಯಸ್ಸಿನಲ್ಲಿ, ಅನ್ನವನ್ನು ತ್ಯಜಿಸಿದ ದೇಹದಿಂದ, ಸಂಸಾರಿಗಳ ಬಿಡುವಿಲ್ಲದ ದಿನವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಆಡಿದ ಮಾತದು. ಟ್ರಸ್ಟಿನ ಸಭೆಗಳು ನಿಗದಿತ ಹೊತ್ತಿಗಿಂತ ತಡವಾಗಿ ಆರಂಭವಾಗುವುದು ಎಲ್ಲೆಡೆಯ ವಾಡಿಕೆ; ಬಂದವರು ಉಳಿದವರಿಗಾಗಿ ಕಾಯುತ್ತ ಕುಳಿತಿರುವ ಆ ವೇಳೆಯಲ್ಲಿ ಐದು ನಿಮಿಷಗಳು ಈಗಾಗಲೇ ಇವೆ.