ಗುಡ್ಡ ಇಳಿದ ಮೇಲೆ



ಮುಡಿಪು ಗುಡ್ಡಕ್ಕೆ ಬರುವ ಭಕ್ತಾದಿಗಳಲ್ಲಿ ಹೆಚ್ಚಿನವರ ಕೈಯಲ್ಲಿ ಒಂದು ಬಾಟ್ಲಿ ಇರುತ್ತದೆ. ಒರತೆಯ ನೀರು ತುಂಬಿಸಿಕೊಳ್ಳಬೇಕು, ಮನೆಯಲ್ಲಿ ಹುಷಾರಿಲ್ಲದವರಿಗೆ ಕೊಡಬೇಕು ಅಂತ. ತಪ್ಪೇನಿಲ್ಲ, ತುಂಬಿಸಿಕೊಳ್ಳಿ. ಆದರೆ ಈ ನೀರಿನ ಹಿಂದಿನ ಕಥೆಯನ್ನೂ ಜೊತೆಗೆ ತೆಗೆದುಕೊಂಡು ಹೋದರೆ ಒಳ್ಳೆಯದು.

ಹಿರಿಯರಿಂದ ಬಂದ ಮಾತು ಹೀಗೆ ಉಂಟು. ಒಂದು ರಾತ್ರಿ ಕೆಲವರು ಬಂದು, ಒಬ್ಬ ರೋಗಿ ಸಾಯುವ ಸ್ಥಿತಿಯಲ್ಲಿದ್ದಾನೆ, ಕೊನೆಯ ಸಂಸ್ಕಾರ ಕೊಡಬೇಕು ಎಂದು ಫಾದರ್ ಜೋಸೆಫ್ ವಾಜರನ್ನು ಕರೆದರು. ರೋಗಿ ಯಾರೂ ಇರಲಿಲ್ಲ. ಗುಡ್ಡಕ್ಕೆ ಕರೆದುಕೊಂಡು ಬಂದು ಕೊಲ್ಲುವುದು ಅವರ ಯೋಚನೆ. ವಾಜರು ಓಡಲಿಲ್ಲ, ಬೈಯಲಿಲ್ಲ. ಮೊಣಕಾಲೂರಿ ಪ್ರಾರ್ಥಿಸಿದರು, ಕೈಯ ಕೋಲನ್ನು ನೆಲಕ್ಕೆ ಊರಿದರು. ಅಲ್ಲಿ ನೀರು ಚಿಮ್ಮಿತು. ಕೊಲ್ಲಲು ಬಂದವರು ಹೆದರಿ ಹಿಂದೆ ಸರಿದರು. ಜನರೆಲ್ಲ ನೀರಿನ ಪವಾಡವನ್ನೇ ಹೇಳುತ್ತಾರೆ. ಅದಕ್ಕಿಂತ ಮುಂಚಿನ ಒಂದು ಸಂಗತಿ ಯಾರ ಗಮನಕ್ಕೂ ಬರುವುದಿಲ್ಲ. ರಾತ್ರಿ ಹೊತ್ತಿನಲ್ಲಿ ಗುರುತಿಲ್ಲದವರು ಬಂದು ಕರೆದರು, ಅವರು ಎದ್ದು ಹೊರಟರು. "ನಾಳೆ ಬೆಳಿಗ್ಗೆ ನೋಡುವ" ಎನ್ನಲಿಲ್ಲ.

ಶಿಷ್ಯ ಎಂದರೆ ಹೀಗೆ ಹೊರಡುವವನು. ಮತ್ತಾಯನ ಶುಭಸಂದೇಶದ ಕೊನೆಯ ಅಧ್ಯಾಯದಲ್ಲೂ ಒಂದು ಬೆಟ್ಟ ಬರುತ್ತದೆ, ಗಲಿಲೇಯದ ಬೆಟ್ಟ. ಪುನರುತ್ಥಾನರಾದ ಯೇಸುಸ್ವಾಮಿಯನ್ನು ನೋಡಲು ಹನ್ನೊಂದು ಮಂದಿ ಶಿಷ್ಯರು ಅಲ್ಲಿಗೆ ಹೋದರು. ಅಡ್ಡಬಿದ್ದರು. ಆದರೂ ಕೆಲವರ ಮನಸ್ಸಿನಲ್ಲಿ ಸಂಶಯ ಇತ್ತು ಎಂದು ಮತ್ತಾಯ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಸ್ವಾಮಿ ಏನು ಮಾಡಿದರು? ಸಂಶಯ ಇದ್ದವರು ಇಲ್ಲೇ ಇರಿ, ನಂಬಿಕೆ ಗಟ್ಟಿಯಾದ ಮೇಲೆ ಹೊರಡಿ ಎಂದರೇ? ಇಲ್ಲ. ಎಲ್ಲರನ್ನೂ ಒಟ್ಟಿಗೆ ಜಗತ್ತಿಗೆ ಕಳಿಸಿದರು. ದಾರಿಯಲ್ಲೇ ಅವರ ನಂಬಿಕೆ ಗಟ್ಟಿಯಾಯಿತು. "ನಮಗೇ ಸರಿಯಾಗಿ ಗೊತ್ತಿಲ್ಲ, ಬೇರೆಯವರಿಗೆ ಏನು ಹೇಳುವುದು" ಎನ್ನುವವರು ತುಂಬ ಜನ ಇದ್ದಾರೆ. ಆ ಬೆಟ್ಟದ ಮೇಲೆ ನಿಂತವರಲ್ಲೂ ಅಂಥವರಿದ್ದರು ಎನ್ನುವುದು ಧೈರ್ಯದ ವಿಷಯ.

ವಾಜರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬಾಣಾವಲಿಯಲ್ಲಿ, ತಾಯಿಯ ಊರಿನಲ್ಲಿ. ಗುರುದೀಕ್ಷೆ ಆದದ್ದು 1676ರಲ್ಲಿ. ಬಡವರ ಹಾಗೆ ಬರಿಗಾಲಿನಲ್ಲಿ ನಡೆಯುವ ಅಭ್ಯಾಸ. 1677ರಲ್ಲಿ ತಾನು ಮರಿಯ ಮಾತೆಯ ಗುಲಾಮ ಎಂದು ಪತ್ರ ಬರೆದು ತನ್ನನ್ನು ಆಕೆಗೆ ಒಪ್ಪಿಸಿಕೊಂಡರು.

1681ರಲ್ಲಿ ಅವರನ್ನು ನಮ್ಮ ಕೆನರಾ ಕರಾವಳಿಗೆ ಕಳಿಸಲಾಯಿತು. ಆಗ ಇಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ. ಕ್ರೈಸ್ತರಿದ್ದರು, ಗುರುಗಳು ಸಾಲುತ್ತಿರಲಿಲ್ಲ. ಇದ್ದವರಲ್ಲೂ ಎರಡು ಪಾಲು. ಗೋವೆಯ ಅಧಿಕಾರ ಒಪ್ಪುವವರು ಒಂದು ಕಡೆ, ರೋಮ್ ನೇರವಾಗಿ ನೇಮಿಸಿದ ಬಿಷಪರ ಕಡೆಯವರು ಇನ್ನೊಂದು ಕಡೆ. ಯಾರು ಕೊಟ್ಟ ಸಂಸ್ಕಾರ ಸರಿ, ಯಾರದ್ದು ಸರಿಯಲ್ಲ ಎಂದು ಜಗಳ. (ಇಗರ್ಜಿಯ ಜಗಳ ಇವತ್ತಿನದ್ದಲ್ಲ ನೋಡಿ.) ವಾಜರು ಗೋವೆಯ ಕಡೆಯಿಂದ ಬಂದವರೇ ಆದರೂ ಜಗಳ ಬೆಳೆಸಲಿಲ್ಲ, ರಾಜಿಯ ದಾರಿ ಹುಡುಕಿದರು. ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿ ಅಂತ ಊರಿಂದ ಊರಿಗೆ ನಡೆದು ಬಲಿಪೂಜೆ, ಪಾಪನಿವೇದನೆ, ಮಕ್ಕಳಿಗೆ ಧರ್ಮಪಾಠ ಇದರಲ್ಲೇ ಮೂರು ವರ್ಷ ಕಳೆದರು. ಹೊಸಬರಿಗೆ ಹೇಳುವ ಮೊದಲು ಇರುವವರನ್ನು ಎಬ್ಬಿಸಬೇಕು. ಅದೇ ಅವರ ಕ್ರಮ.

ಅವರ ಮನಸ್ಸಿದ್ದದ್ದು ಸಿಂಹಳದ್ವೀಪದ ಮೇಲೆ, ಅಂದರೆ ಇಂದಿನ ಶ್ರೀಲಂಕಾ. ಅಲ್ಲಿ ಡಚ್ಚರು 1658ರಲ್ಲಿ ಜಾಫ್ನಾ ಹಿಡಿದು ಕಥೋಲಿಕರ ಪೂಜೆಯನ್ನು ನಿಷೇಧಿಸಿದ್ದರು, ಗುರುಗಳನ್ನು ಓಡಿಸಿದ್ದರು. ಸುಮಾರು ಮೂವತ್ತು ವರ್ಷ ಗುರುಗಳಿಲ್ಲದೆ ಜನ ಉಳಿದಿದ್ದರು. 1687ರಲ್ಲಿ ವಾಜರು ಜುವಾಂವ್ ಎಂಬ ಸೇವಕನ ಜೊತೆ ಕೂಲಿಯವನ ವೇಷದಲ್ಲಿ ತೂತ್ತುಕುಡಿಯಿಂದ ದೋಣಿ ಹತ್ತಿದರು. ಜಾಫ್ನಾ ಮುಟ್ಟುವಾಗ ರಕ್ತಭೇದಿಯಿಂದ ಸಾಯುವ ಹಾಗಾಗಿತ್ತು.

ಕ್ರೈಸ್ತರನ್ನು ಹುಡುಕುವುದು ಹೇಗೆ? ಕೇಳುವ ಹಾಗಿಲ್ಲ, ಹೇಳುವ ಹಾಗೂ ಇಲ್ಲ. ವಾಜರು ಒಂದು ದೊಡ್ಡ ಜಪಸರವನ್ನು ಕುತ್ತಿಗೆಗೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರ ನೋಡಿ ಯಾರ ಮುಖ ಬದಲಾಗುತ್ತದೆ ಎಂದು ಗಮನಿಸಿದರು. ಹಾಗೆ ಗುರುತು ಸಿಕ್ಕಿದ ಮನೆಯವರಿಗೆ, ತಾನು ಗುರು ಎಂದು ಮೆಲ್ಲಗೆ ತಿಳಿಸಿದರು. ಆ ಮನೆಯವರ ಸ್ಥಿತಿ ಯೋಚಿಸಿ. ಹುಟ್ಟಿದ ಮಗು ದೊಡ್ಡವನಾಗಿ ಮದುವೆಯಾಗುವಷ್ಟು ಕಾಲ ಗುರುಗಳ ಮುಖ ಕಂಡಿರಲಿಲ್ಲ. ಆದರೂ ಜಪಸರ ಏನು ಎಂಬುದು ಮರೆತುಹೋಗಿರಲಿಲ್ಲ. ಯಾಕೆ? ಯಾರೋ ಒಬ್ಬ ತಾಯಿ, ಒಬ್ಬ ಅಜ್ಜಿ, ಬಾಗಿಲು ಹಾಕಿಕೊಂಡು ಮಕ್ಕಳಿಗೆ ಕಲಿಸಿದ್ದರು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಅವರಿಲ್ಲದಿದ್ದರೆ ವಾಜರು ಎಷ್ಟು ಮನೆ ತಟ್ಟಿದರೂ ಒಂದೂ ಬಾಗಿಲು ತೆರೆಯುತ್ತಿರಲಿಲ್ಲ.

ಈಗ ನಮ್ಮ ಮನೆಗಳಿಗೆ ಬನ್ನಿ. ಬಾಗಿಲು ಹಾಕಿಕೊಳ್ಳುವ ಭಯ ಇಲ್ಲ. ಸಂಜೆ ತೇರ್ಸಕ್ಕೆ ಕೂರುವ ಹೊತ್ತಿಗೆ ಟಿವಿಯಲ್ಲಿ ಸೀರಿಯಲ್, ಮಕ್ಕಳ ಕೈಯಲ್ಲಿ ಮೊಬೈಲ್. ಗುಡ್ಡಕ್ಕೆ ಬಂದು ಮೊಂಬತ್ತಿ ಹಚ್ಚುತ್ತೇವೆ, ಹರಕೆ ತೀರಿಸುತ್ತೇವೆ. ಆದರೆ "ಈ ವಾಜ್ ಅಂದ್ರೆ ಯಾರು ಅಜ್ಜಿ?" ಎಂದು ಮೊಮ್ಮಗ ಕೇಳಿದರೆ ಉತ್ತರ ಉಂಟಾ? ವಿಶ್ವಾಸ ಹಂಚುವುದು ಎಂದ ಕೂಡಲೇ ದೂರದ ದೇಶ, ಮೈಕು, ಸಭೆ ಎಂದು ಭಾವಿಸಬಾರದು. ಮೊದಲ ಮೂವತ್ತು ವರ್ಷದ ಕೆಲಸವನ್ನು ಜಾಫ್ನಾದ ಅಡುಗೆಮನೆಗಳು ಮಾಡಿದ್ದವು.

ಹಾಗಂತ ಮನೆಯೊಳಗೇ ಮುಗಿಯುವುದೂ ಇಲ್ಲ. 1692ರಲ್ಲಿ ವಾಜರು ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರ ಎಂದು ಹಿಡಿದು ಸೆರೆಯಲ್ಲಿಟ್ಟರು. ಸೆರೆಯಲ್ಲಿ ಕುಳಿತು ಅವರು ಸಿಂಹಳ ಭಾಷೆ ಕಲಿತರು. ಜನರ ಭಾಷೆ ಬಾರದೆ ಜನರ ಹತ್ತಿರ ಹೋಗಲು ಆಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಮುಂದೆ ಬರಗಾಲದಲ್ಲಿ ಅವರ ಪ್ರಾರ್ಥನೆಗೆ ಮಳೆ ಬಂತೆಂದೂ, ಅವರು ನಿಂತ ಜಾಗ ಮಾತ್ರ ನೆನೆಯಲಿಲ್ಲವೆಂದೂ ಹೇಳುತ್ತಾರೆ. ಅದಕ್ಕಿಂತ ದೊಡ್ಡದು 1697ರ ಸಿಡುಬು. ಮನೆಯವರೇ ರೋಗಿಗಳನ್ನು ಕಾಡಿಗೆ ಬಿಟ್ಟು ಓಡುತ್ತಿದ್ದ ಕಾಲ. ವಾಜರೂ ಅವರ ಅಕ್ಕತಂಗಿಯರ ಪೈಕಿ ಒಬ್ಬರ ಮಗ ಫಾದರ್ ಜೋಸೆಫ್ ಕರ್ವಾಲೊ ಕೂಡ ಗುಡಿಸಲು ಹಾಕಿಸಿ, ಗಂಜಿ ಕುಡಿಸಿ, ಹುಣ್ಣು ತೊಳೆದು, ಸತ್ತವರನ್ನು ಮಣ್ಣು ಮಾಡಿದರು. ನೀನು ಕ್ರೈಸ್ತನಾ, ಬೌದ್ಧನಾ ಎಂದು ಕೇಳಿ ಗಂಜಿ ಕೊಟ್ಟವರಲ್ಲ. ಕ್ರೈಸ್ತನಾಗುತ್ತೇನೆ ಎಂದರೆ ಮಾತ್ರ ಕೊಡುತ್ತೇನೆ ಎಂದವರೂ ಅಲ್ಲ. ಆಸೆ ತೋರಿಸಿ, ಹೆದರಿಸಿ ಕೊಟ್ಟದ್ದು ವಿಶ್ವಾಸ ಆಗುವುದಿಲ್ಲ, ವ್ಯಾಪಾರ ಆಗುತ್ತದೆ.

ಇಲ್ಲಿ ಒಂದು ವಿಚಿತ್ರ. ವಾಜರನ್ನು ಬೇಟೆಯಾಡಿದ ಡಚ್ಚರು ಅದೇ ಯೇಸುಕ್ರಿಸ್ತರನ್ನು ಪೂಜಿಸುವವರು. ಅವರಿಗೆ ನೆರಳು ಕೊಟ್ಟವನು ಬೌದ್ಧ ಅರಸ, ಎರಡನೇ ವಿಮಲಧರ್ಮಸೂರ್ಯ. ಬೇರೆ ಧರ್ಮದ ನೆರೆಯವರನ್ನು ಅನುಮಾನದಿಂದ ನೋಡುವ ಕ್ರೈಸ್ತರು ಈ ಅರಸನನ್ನು ನೆನಪಿಟ್ಟುಕೊಳ್ಳಬೇಕು. ಆತನ ರಾಜ್ಯದಲ್ಲಿ ಜಾಗ ಸಿಕ್ಕಿದ್ದಕ್ಕೇ ಆ ದ್ವೀಪದ ಇಗರ್ಜಿ ಉಳಿಯಿತು.

ಬಿಷಪ್ ಪದವಿ ಹುಡುಕಿಕೊಂಡು ಬಂದಾಗ ವಾಜರು ಬೇಡವೆಂದರು. ಬದಲಿಗೆ ಗೋವೆಯಿಂದ ಇನ್ನಷ್ಟು ಗುರುಗಳನ್ನು ಕಳಿಸಿ ಎಂದು ಕೇಳುತ್ತಿದ್ದರು. ಹಾಗೆ 1705ರಲ್ಲಿ ಬಂದ ಫಾದರ್ ಜಾಕೊಮ್ ಗೊನ್ಸಾಲ್ವಿಸ್ ಸಿಂಹಳದಲ್ಲೂ ತಮಿಳಿನಲ್ಲೂ ಪುಸ್ತಕಗಳನ್ನು ಬರೆದರು. ಶಿಷ್ಯ ಬೆಳೆದಿದ್ದಾನೆಯೇ ಎಂದು ನೋಡಬೇಕಾದರೆ ಅವನ ಹಿಂದೆ ಯಾರು ನಿಂತಿದ್ದಾರೆ ಎಂದು ನೋಡಬೇಕು.

ವಾಜರು 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. ಇಪ್ಪತ್ತನಾಲ್ಕು ವರ್ಷ ಆ ದ್ವೀಪದಲ್ಲಿದ್ದರು, ತಿರುಗಿ ಗೋವೆಗೆ ಹೋಗಲಿಲ್ಲ. 1995ರಲ್ಲಿ ಎರಡನೇ ಜಾನ್ ಪಾಲ್ ಜಗದ್ಗುರುಗಳು ಕೊಲಂಬೊದಲ್ಲಿ ಅವರನ್ನು ಧನ್ಯರೆಂದು ಸಾರಿದರು. 2015ರ ಜನವರಿ 14ರಂದು ಅದೇ ಊರಿನ ಕಡಲತೀರದ ಮೈದಾನದಲ್ಲಿ ಜಗದ್ಗುರು ಫ್ರಾನ್ಸಿಸರು ಸಂತರೆಂದು ಘೋಷಿಸಿದರು. ಸಮಾಧಿಯ ಗುರುತು ಮಾತ್ರ ಉಳಿದಿಲ್ಲ. ಹಾಗಾಗಿ ಅವರನ್ನು ನೆನೆಯುವವರು ಅವರು ನಡೆದ ಊರುಗಳಿಗೆ ಹೋಗುತ್ತಾರೆ, ಈ ಗುಡ್ಡಕ್ಕೆ ಬರುತ್ತಾರೆ. ಜನವರಿ 16 ಅವರ ಹಬ್ಬ. ಬರುವಾಗ ಮಕ್ಕಳನ್ನೂ ಕರೆದುಕೊಂಡು ಬನ್ನಿ, ಕಥೆಯನ್ನು ಬಸ್ಸಿನಲ್ಲೇ ಹೇಳಿ.